ಮೈದಾ ಇಲ್ಲದ ಪೈ: ಅಕ್ಕಿ ರೊಟ್ಟಿ ತಟ್ಟೋ ಕೈಗೆ ಇದೇನೂ ಹೊಸದಲ್ಲ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ.

ಇವತ್ತಿನ ವಿಷಯ ಪೈ. ಮೈದಾ ಇಲ್ಲದೆ, ಗೋಧಿ ಇಲ್ಲದೆ, ಅಂದ್ರೆ ಗ್ಲುಟೆನ್ ಇಲ್ಲದೆ ಮನೆಯಲ್ಲೇ ಮಾಡೋ ಪೈ. ಅದರಲ್ಲೂ ಮುಖ್ಯವಾಗಿ ಪೈ ಹೊರಗಿನ ಹಿಟ್ಟು, ಹೂರಣ ಹಿಡಿದುಕೊಳ್ಳೋ ಆ ಗರಿಗರಿ ಕವಚ.

ಪೈ ಅಂದ ತಕ್ಷಣ ‘ಅದೆಲ್ಲ ಇಂಗ್ಲಿಷ್ ಸಿನಿಮಾದಲ್ಲಿ ಬರೋ ತಿಂಡಿ, ನಮಗ್ಯಾಕೆ’ ಅನ್ನಬೇಡಿ. ಹಿಟ್ಟಿನೊಳಗೆ ಹೂರಣ ಇಟ್ಟು ಬೇಯಿಸೋದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಹೋಳಿಗೆ ಅದೇ, ಕಡುಬು ಅದೇ, ಬೇಕರಿ ಪಫ್ ಕೂಡ ಅದೇ. ಪೈ ಇವರ ದೂರದ ನೆಂಟ.

ನಾನು ಇರೋದು ಹಾಸನದಲ್ಲಿ. ತವರು ಚನ್ನರಾಯಪಟ್ಟಣದ ಹತ್ತಿರ. ಅಕ್ಕನನ್ನು ಕೊಟ್ಟಿರೋದು ಹೊಳೆನರಸೀಪುರಕ್ಕೆ. ಅಜ್ಜಿ ಮನೆ ಅರಕಲಗೂಡು. ಈ ನಾಲ್ಕೂ ಊರು ಇವತ್ತಿನ ಮಾತಲ್ಲಿ ಬರುತ್ತವೆ. ಯಾಕಂದ್ರೆ ಈ ಪೈಗೆ ಬೇಕಾದ ಕಾಯಿ ಒಂದು ಕಡೆಯಿಂದ, ಆಲೂಗಡ್ಡೆ ಇನ್ನೊಂದು ಕಡೆಯಿಂದ, ಅಕ್ಕಿ ಮತ್ತೊಂದು ಕಡೆಯಿಂದ ಬರುತ್ತೆ. ಇದನ್ನು ಕಲಿಯಲೇಬೇಕಾದ ಕಾರಣ ಬಂದದ್ದು ಅಕ್ಕನ ಮನೆಯಿಂದ.

ಗೋಧಿ ಬೇಡ ಅಂದ ಮೇಲೆ

ಅಕ್ಕನ ಮಗಳಿಗೆ ಈಗ ಒಂಬತ್ತು ವರ್ಷ. ಅವಳಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಗಿದ್ದು ಏಳನೇ ವರ್ಷದಲ್ಲಿ. ಅದಕ್ಕೂ ಮುಂಚೆ ಎರಡು ವರ್ಷ ಬರೀ ‘ರಕ್ತ ಕಡಿಮೆ ಇದೆ, ಎತ್ತರ ಬರ್ತಿಲ್ಲ, ಹೊಟ್ಟೆ ಸರಿ ಇಲ್ಲ’ ಅಂತ ಓಡಾಟ. ಜಂತುಹುಳದ ಔಷಧಿ, ಕಬ್ಬಿಣದ ಟಾನಿಕ್, ದೃಷ್ಟಿ ತೆಗೆಯೋದು ಎಲ್ಲ ಆಯ್ತು. ಕೊನೆಗೆ ಒಬ್ಬ ವೈದ್ಯರು ಒಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಆಗ ಖಚಿತವಾಯ್ತು.

ಸೀಲಿಯಾಕ್ ಅಂದ್ರೆ ಏನು? ಗೋಧಿ ಮತ್ತು ಬಾರ್ಲಿಯಲ್ಲಿ, ನಮ್ಮ ಕಡೆ ಸಿಗದ ರೈ ಅನ್ನೋ ಧಾನ್ಯದಲ್ಲೂ, ಗ್ಲುಟೆನ್ ಅನ್ನೋ ಪ್ರೋಟೀನ್ ಇರುತ್ತೆ. ಈ ಕಾಯಿಲೆ ಇರೋರು ಅದನ್ನು ತಿಂದಾಗ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತೆ. ಆ ಪದರ ಹಾಳಾದ್ರೆ ತಿಂದ ಊಟದ ಸತ್ವ ಮೈಗೆ ಹತ್ತಲ್ಲ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡೋದೇ ಚಿಕಿತ್ಸೆ.

ಗೋಧಿಗೂ ಇದಕ್ಕೂ ಸಂಬಂಧ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದೂ ತೀರಾ ಹಿಂದೆ ಏನಲ್ಲ. ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್-ಕರೆಲ್ ಡಿಕ್ಕೆ ಇದನ್ನು ತೋರಿಸಿಕೊಟ್ಟವರು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ ಅಲ್ಲಿ ಭೀಕರ ಬರ. ಬ್ರೆಡ್ಡೇ ಸಿಗ್ತಿರಲಿಲ್ಲ. ಊರೆಲ್ಲ ಹಸಿವಿನಿಂದ ಸೊರಗ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಗೋಧಿ ಮೇಲೆ ಡಿಕ್ಕೆ ಅವರಿಗೆ ಮೊದಲೇ ಅನುಮಾನ ಇತ್ತು. ಆ ಚಳಿಗಾಲ ಅದನ್ನು ಗಟ್ಟಿ ಮಾಡಿತು. 1950ರಲ್ಲಿ ಅವರ ಪ್ರಬಂಧ ಬಂತು.

ನಮ್ಮ ದೇಶದಲ್ಲಿ ಗೋಧಿಯೇ ಮುಖ್ಯ ಊಟವಾಗಿರೋ ಉತ್ತರದ ಕಡೆ ಇದು ಹೆಚ್ಚು, ಸುಮಾರು ನೂರಕ್ಕೆ ಒಬ್ಬರಲ್ಲಿ. ದಕ್ಷಿಣದಲ್ಲಿ ಅದಕ್ಕಿಂತ ತೀರಾ ಕಡಿಮೆ. ಅದಕ್ಕೇ ನಮ್ಮ ಕಡೆ ಇದು ಯಾರಿಗೂ ಥಟ್ಟಂತ ಹೊಳೆಯಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಈ ಸಂಚಿಕೆ ಕೇಳಿ ‘ನನಗೂ ಹಾಗೇ ಅನ್ಸುತ್ತೆ’ ಅಂತ ನಾಳೆಯಿಂದಲೇ ಚಪಾತಿ ಬಿಡಬೇಡಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದ್ರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಮೊದಲು ವೈದ್ಯರು, ಆಮೇಲೆ ಪರೀಕ್ಷೆ, ಆಮೇಲೆ ಪಥ್ಯ. ಕಾಯಿಲೆ ಇಲ್ಲದವರಿಗೆ ಗ್ಲುಟೆನ್ ಬಿಟ್ಟರೆ ತೂಕ ಇಳಿಯುತ್ತೆ ಅನ್ನೋದನ್ನೂ ನಂಬಬೇಡಿ. ಇವತ್ತು ನಾನು ಹೇಳೋ ಪೈನಲ್ಲಿ 110 ಗ್ರಾಂ ಬೆಣ್ಣೆ ಇದೆ!

ಪಫ್ ಹೋಯ್ತು, ಪೈ ಬಂತು

ನಮ್ಮ ಹುಡುಗಿಗೆ ಅನ್ನ, ಮುದ್ದೆ, ಇಡ್ಲಿ, ದೋಸೆ ಎಲ್ಲ ಆಗುತ್ತೆ. ರಾಗಿ ಸೀಮೆಯಲ್ಲಿ ಹುಟ್ಟಿದ್ದು ಅವಳ ಪುಣ್ಯ. ಅವಳಿಗೆ ಕಷ್ಟ ಆಗಿದ್ದು ಊಟದ್ದಲ್ಲ, ಬೇಕರಿದು. ಸ್ಕೂಲ್ ಬಿಟ್ಟ ಮೇಲೆ ಎಲ್ಲರೂ ಪಫ್ ತಿಂತಾರೆ, ಇವಳು ಬ್ಯಾಗಿನ ಪಟ್ಟಿ ಹಿಡ್ಕೊಂಡು ನಿಂತಿರ್ತಾಳೆ. ಯಾರದೋ ಬರ್ತ್‌ಡೇಗೆ ಹೋದ್ರೆ ಕೇಕ್ ಬೇಡ ಅಂತ ಅವಳೇ ಮೊದಲೇ ಹೇಳಿಬಿಡೋಳು. ಆಮೇಲಾಮೇಲೆ ಬರ್ತ್‌ಡೇಗೆ ಹೋಗೋದೇ ಬಿಟ್ಟಳು.

ಬೇಕರಿ ವಿಷಯದಲ್ಲಿ ಹಾಸನಕ್ಕೆ ದೊಡ್ಡ ಹೆಸರಿದೆ ಅನ್ನೋದು ನಿಮಗೆ ಗೊತ್ತಿರಬಹುದು. ಕರ್ನಾಟಕದ ಯಾವ ಊರಿಗೆ ಹೋದರೂ ಕಾಣೋ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯವರು. ಅವರ ಹಿಂದೆ ಎಷ್ಟೋ ಮನೆತನಗಳು ಹೋಗಿ ಬೇಕರಿ ಇಟ್ಟವು. ಇಡೀ ರಾಜ್ಯಕ್ಕೆ ಪಫ್ ತಿನ್ನೋದು ಕಲಿಸಿದ ಜಿಲ್ಲೆಯಲ್ಲಿ ಹುಟ್ಟಿದ ಹುಡುಗಿ ಪಫ್ ತಿನ್ನೋ ಹಾಗಿಲ್ಲ. ಏನ್ ಮಾಡೋದು?

ನಾನು ವಾರಾಂತ್ಯಕ್ಕೆ ಕೇಕು, ಬಿಸ್ಕತ್ತು ಮಾಡಿ ಆರ್ಡರ್ ಕೊಡೋಳು. ಹಾಗಾಗಿ ಈ ಪ್ರಶ್ನೆ ನನ್ನ ತಲೆಗೇ ಬಂತು. ಇದಕ್ಕೆ ಉತ್ತರ ಸಿಕ್ಕಿದ್ದು ಗ್ಲುಟೆನ್ ಏನು ಕೆಲಸ ಮಾಡುತ್ತೆ ಅಂತ ಅರ್ಥ ಮಾಡ್ಕೊಂಡಾಗ.

ಹೋಳಿಗೆ ಕಣಕ ನೆನಪು ಮಾಡ್ಕೊಳ್ಳಿ. ಎಣ್ಣೆಯಲ್ಲಿ ನೆನೆದ ಕಣಕವನ್ನು ಎಳೆದ್ರೆ ರಬ್ಬರ್ ಹಾಗೆ ಬರುತ್ತೆ, ಹರಿಯಲ್ಲ. ಆ ಜಿಗುಟೇ ಗ್ಲುಟೆನ್. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ಅದರಲ್ಲಿರೋ ಪ್ರೋಟೀನುಗಳು ಬಲೆ ಹಾಗೆ ಹೆಣೆದುಕೊಳ್ಳುತ್ತವೆ. ಬ್ರೆಡ್ಡಿಗೆ ಆ ಬಲೆ ಬೇಕೇ ಬೇಕು, ಇಲ್ಲದಿದ್ರೆ ಗಾಳಿ ಹಿಡಿಯಲ್ಲ, ಉಬ್ಬಲ್ಲ. ಪಫ್ಫಿಗೂ ಬೇಕು, ಯಾಕಂದ್ರೆ ಹಿಟ್ಟು ಹರಿಯದೆ ಹಾಳೆ ಹಾಳೆಯಾಗಿ ತೆಳುವಾಗಬೇಕು. ಆದ್ರೆ ಪೈ? ಪೈಗೆ ಈ ಬಲೆ ಜಾಸ್ತಿ ಆದ್ರೇನೇ ತೊಂದರೆ. ಕವಚ ಚರ್ಮದ ಹಾಗೆ ಗಟ್ಟಿಯಾಗುತ್ತೆ. ಅದಕ್ಕೇ ಮೈದಾದಲ್ಲಿ ಪೈ ಮಾಡೋರು ತಣ್ಣನೆ ಬೆಣ್ಣೆ ಉಜ್ಜಿ, ಕಮ್ಮಿ ನೀರು ಹಾಕಿ, ಜಾಸ್ತಿ ನಾದಬೇಡಿ ಅಂತಾರೆ. ಅಂದ್ರೆ ಅವರು ಗ್ಲುಟೆನ್ ಬೆಳೀದೇ ಇರೋ ಹಾಗೆ ಒದ್ದಾಡ್ತಾರೆ. ನಮಗೆ ಆ ಒದ್ದಾಟವೇ ಇಲ್ಲ.

ಹಾಗಾಗಿ ಗೋಧಿ ಬಿಟ್ಟವರು ಬೇಕರಿ ರುಚಿಯನ್ನು ಪೈನಿಂದ ಶುರು ಮಾಡೋದು ಒಳ್ಳೇದು. ಗರಿಗರಿ ಕೊಡೋದು ಬೆಣ್ಣೆ. ಹಿಟ್ಟು ಒಡೆದು ಉದುರದ ಹಾಗೆ ಹಿಡಿದಿಡೋಕೆ ಏನಾದರೂ ಬೇಕು, ಅದೊಂದೇ ನಮಗೆ ಉಳಿಯೋ ಸಮಸ್ಯೆ. ಅದಕ್ಕೆ ಉತ್ತರ ನಮ್ಮ ಅಜ್ಜಿಯರ ಕೈಯಲ್ಲಿ ಯಾವತ್ತಿಂದಲೋ ಇದೆ.

ಉಕ್ಕರಿಸಿದ ಹಿಟ್ಟಿನ ಗುಟ್ಟು

ಅರಕಲಗೂಡಿನ ಅಜ್ಜಿ ಗೌರಿ ಗಣೇಶ ಹಬ್ಬಕ್ಕೆ ಅಕ್ಕಿ ಹಿಟ್ಟಿನ ಕಾಯಿ ಕಡುಬು ಮಾಡ್ತಾರೆ. ಒಣ ಅಕ್ಕಿ ಹಿಟ್ಟಿಗೆ ಬರೀ ತಣ್ಣೀರು ಹಾಕಿ ಕಲಸಿದ್ರೆ ಕಡುಬು ಬಿರಿದುಹೋಗುತ್ತೆ. ಅದಕ್ಕೇ ಅವರು ಹಿಟ್ಟನ್ನು ಕುದಿಯೋ ನೀರಲ್ಲಿ ಉಕ್ಕರಿಸ್ತಾರೆ. ಆಮೇಲೆ ಬಿಸಿ ಇದ್ದಾಗಲೇ ಕೈ ಒದ್ದೆ ಮಾಡ್ಕೊಂಡು ನಾದ್ತಾರೆ. ಆಗ ಅದೇ ಅಕ್ಕಿ ಹಿಟ್ಟು ಜೇಡಿ ಮಣ್ಣಿನ ಹಾಗೆ ಹೇಳಿದ ಮಾತು ಕೇಳುತ್ತೆ.

ಆಗೋದು ಇಷ್ಟು. ಅಕ್ಕಿಯ ಪಿಷ್ಟದ ಕಣಗಳು ಬಿಸಿ ನೀರಲ್ಲಿ, ಸುಮಾರು 70 ಡಿಗ್ರಿ ದಾಟಿದ ಮೇಲೆ, ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಗಂಜಿ ಗಟ್ಟಿಯಾಗೋದು ಹಾಗೇ. ಆ ಅಂಟು ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತೆ. ಗ್ಲುಟೆನ್ನಿನ ರಬ್ಬರ್ ಗುಣ ಇದಕ್ಕೆ ಬರಲ್ಲ, ಆದರೆ ಪೈಗೆ ಬೇಕಾದಷ್ಟು ಹಿಡಿತ ಬರುತ್ತೆ.

ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಗ್ಲುಟೆನ್ ಇಲ್ಲದ ಪೈಗೆ ಕ್ಸಾಂಥಾನ್ ಗಮ್ ಹಾಕಿ ಅಂತ ಸಿಗುತ್ತೆ. ಅದು ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಬೆಲೆಯೂ ಜಾಸ್ತಿ. ನಮಗೆ ಅದರ ಬದಲು ಮೆಡಿಕಲ್ ಶಾಪಲ್ಲಿ ಸಿಗೋ ಇಸಬ್‌ಗೋಲ್ ಸಾಕು. ಮಲಬದ್ಧತೆಗೆ ಕುಡಿಯೋ ಅದೇ ಹೊಟ್ಟು. ಏನೂ ಬೆರೆಸದ, ಸಾದಾ ಇಸಬ್‌ಗೋಲ್ ತಗೊಳ್ಳಿ. ಅದಕ್ಕೆ ನೀರು ತಾಗಿದ್ರೆ ಲೋಳೆ ಆಗುತ್ತಲ್ಲ, ಆ ಲೋಳೆಯೇ ನಮ್ಮ ಎರಡನೇ ಅಂಟು.

ಈಗ ಅಳತೆ. ಫೋನಲ್ಲಿ ಬರ್ಕೊಳ್ಳಿ, ಇಲ್ಲ ಈ ಪುಟ ಸೇವ್ ಮಾಡ್ಕೊಳ್ಳಿ. ಎಂಟು ಇಂಚಿನ ಒಂದು ತಟ್ಟೆಗೆ, ಕೆಳಗಿನ ಕವಚ ಮತ್ತು ಮೇಲಿನ ಮುಚ್ಚಳ ಎರಡಕ್ಕೂ ಆಗುತ್ತೆ.

ಅಕ್ಕಿ ಹಿಟ್ಟು 150 ಗ್ರಾಂ, ಹೆಚ್ಚುಕಮ್ಮಿ ಒಂದು ಕಪ್. ರಾಗಿ ಹಿಟ್ಟು 50 ಗ್ರಾಂ. ಕಾರ್ನ್‌ಫ್ಲೋರ್ 50 ಗ್ರಾಂ. ಇಸಬ್‌ಗೋಲ್ ಎರಡು ಟೀ ಚಮಚ. ಉಪ್ಪು ಅರ್ಧ ಟೀ ಚಮಚ. ಫ್ರಿಜ್ಜಲ್ಲಿಟ್ಟ ಗಟ್ಟಿ ಬೆಣ್ಣೆ 110 ಗ್ರಾಂ. ಅಂಗಡಿಯ ಉಪ್ಪಿನ ಬೆಣ್ಣೆ ಆದ್ರೆ ಬೇರೆ ಉಪ್ಪು ಬೇಡ. ನೀರು 120 ಎಂಎಲ್, ಅರ್ಧ ಕಪ್.

ಮೊದಲ ಕೆಲಸ ಗಂಜಿ. 150 ಗ್ರಾಂ ಅಕ್ಕಿ ಹಿಟ್ಟಲ್ಲಿ ಮೂರು ದೊಡ್ಡ ಚಮಚ ತೆಗೆದು 120 ಎಂಎಲ್ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ. ಸಣ್ಣ ಉರಿಯಲ್ಲಿಟ್ಟು ಕೈಬಿಡದೆ ತಿರುಗಿಸಿ. ಎರಡು ಮೂರು ನಿಮಿಷದಲ್ಲಿ ಅಂಟಂಟು ಮುದ್ದೆ ಆಗುತ್ತೆ. ಇಳಿಸಿ, ಪೂರ್ತಿ ಆರಲು ಬಿಡಿ. ಬಿಸಿ ಬಿಸಿಯಾಗಿ ಬೆಣ್ಣೆಗೆ ಸೇರಿಸಿದ್ರೆ ಬೆಣ್ಣೆ ಕರಗಿ ಪೈ ಗರಿಗರಿ ಆಗಲ್ಲ.

ಎರಡನೇದು, ಉಳಿದ ಹಿಟ್ಟುಗಳು, ಇಸಬ್‌ಗೋಲ್, ಉಪ್ಪು ಎಲ್ಲ ಬೆರೆಸಿ. ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಅಂಗೈ ಬಳಸಬೇಡಿ, ಅಂಗೈ ಬಿಸಿಗೆ ಬೆಣ್ಣೆ ಕರಗುತ್ತೆ. ಬಾಂಬೆ ರವೆ ತರ ತರಿ ತರಿ ಆಗಬೇಕು. ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೆಣ್ಣೆ ತುಣುಕು ಉಳಿದ್ರೆ ಇನ್ನೂ ಒಳ್ಳೇದು.

ಮೂರನೇದು, ಆರಿದ ಗಂಜಿ ಸೇರಿಸಿ ಕಲಸಿ. ಒಣಗಿದೆ ಅನ್ಸಿದ್ರೆ ಒಂದೊಂದೇ ಚಮಚ ತಣ್ಣೀರು. ಮೂರು ಚಮಚ ದಾಟೋದು ಅಪರೂಪ. ಹಿಟ್ಟು ಉಂಡೆ ಕಟ್ಟಿದ್ರೆ ಸಾಕು. ಇಲ್ಲಿ ಎಷ್ಟು ನಾದಿದ್ರೂ ಜಿಗುಟಾಗಲ್ಲ, ಗ್ಲುಟೆನ್ ಇದ್ರೆ ತಾನೇ ಜಿಗುಟಾಗೋದು. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ಈ ಅರ್ಧ ಗಂಟೆ ತಪ್ಪಿಸಬೇಡಿ. ಅಕ್ಕಿ ಹಿಟ್ಟಿಗೆ, ಇಸಬ್‌ಗೋಲಿಗೆ ನೀರು ಹೀರಿಕೊಳ್ಳೋಕೆ ಟೈಮ್ ಬೇಕು. ಇಲ್ಲದಿದ್ರೆ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕ ಹಾಗೆ ಇರುತ್ತೆ.

ನಾಲ್ಕನೇದು, ತಟ್ಟೋದು. ಲಟ್ಟಿಸೋಕೆ ಹೋಗಬೇಡಿ ಅಂತೀನಿ ನಾನು. ಅಕ್ಕಿ ರೊಟ್ಟಿಯನ್ನು ನಾವು ಕಾವಲಿ ಮೇಲೆ ಬೆರಳಲ್ಲಿ ತಟ್ಟುತ್ತೀವಲ್ಲ, ಹಾಗೇ ಮೂರರಲ್ಲಿ ಎರಡು ಭಾಗ ಹಿಟ್ಟನ್ನು ಬೆಣ್ಣೆ ಸವರಿದ ತಟ್ಟೆಗೆ ಹಾಕಿ, ನಡುವಿಂದ ಅಂಚಿಗೆ ಒತ್ತುತ್ತಾ ಹೋಗಿ. ಎಲ್ಲ ಕಡೆ ಒಂದೇ ದಪ್ಪ, ಹೆಚ್ಚು ಅಂದ್ರೆ ನಾಲ್ಕು ಮಿಲಿಮೀಟರ್. ಮೂಲೆಯಲ್ಲಿ ದಪ್ಪ ಉಳಿಯುತ್ತೆ, ಅಲ್ಲಿ ಬೆರಳಿಂದ ಒತ್ತಿ. ಹರಿದ್ರೆ ಒಂದು ಚೂರು ಹಿಟ್ಟು ಅಂಟಿಸಿ ಸವರಿಬಿಡಿ, ಬೆಂದ ಮೇಲೆ ತೇಪೆ ಕಾಣಲ್ಲ. ಮುಚ್ಚಳಕ್ಕೆ ಮಾತ್ರ ಉಳಿದ ಹಿಟ್ಟನ್ನು ಎರಡು ಬಾಳೆ ಎಲೆ ನಡುವೆ ಇಟ್ಟು ಒತ್ತಿ ಹರಡಿ, ಹೋಳಿಗೆ ಎಲೆಯಿಂದ ಕಾವಲಿಗೆ ಮಗುಚೋ ಹಾಗೆ ಮಗುಚಿ.

ಬೇಯಿಸೋದು ಮತ್ತು ತುಂಬೋದು

ಓವನ್ ಇದ್ರೆ 190 ಡಿಗ್ರಿಗೆ ಬಿಸಿ ಮಾಡಿ. ಕೆಳಗಿನ ಕವಚವನ್ನು ಮೊದಲು ಖಾಲಿಯಾಗಿ ಬೇಯಿಸಬೇಕು. ಫೋರ್ಕಿಂದ ಅಲ್ಲಲ್ಲಿ ಚುಚ್ಚಿ, ಬೇಕಿಂಗ್ ಪೇಪರ್ ಹಾಸಿ, ಮೇಲೆ ಒಂದು ಹಿಡಿ ಒಣ ಅಕ್ಕಿ ತುಂಬಿ. ಕವಚ ಉಬ್ಬದ ಹಾಗೆ ಆ ಭಾರ ತಡೆಯುತ್ತೆ. 15 ನಿಮಿಷ ಆದ ಮೇಲೆ ಅಕ್ಕಿ, ಪೇಪರ್ ತೆಗೆದು ಇನ್ನೊಂದು ಆರೇಳು ನಿಮಿಷ ಬಿಡಿ. ಆಮೇಲೆ ಹೂರಣ ತುಂಬಿ, ಮುಚ್ಚಳ ಹಾಕಿ, ನಡುವೆ ಹಬೆ ಹೋಗೋಕೆ ಚಾಕುವಿಂದ ಸೀಳಿ, ಮೇಲೆ ಹಾಲು ಸವರಿ, 25ರಿಂದ 30 ನಿಮಿಷ.

ಓವನ್ ಇಲ್ವಾ? ದಪ್ಪ ತಳದ ಬಾಣಲೆ ಸಾಕು. ಒಂದು ಪದರ ಉಪ್ಪು ಹಾಕಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಹಳೇ ಕುಕ್ಕರ್ ಆದ್ರೆ ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದಿರಿ. ಬಾಣಲೆಯಲ್ಲಿ ಶಾಖ ಕೆಳಗಿಂದ ಬರೋದರಿಂದ ಮೇಲಿನ ಮುಚ್ಚಳ ಕೆಂಪಾಗಲ್ಲ. ಹಾಗಾಗಿ ಮುಚ್ಚಳವಿಲ್ಲದ ಪೈ ಮಾಡಿ, ಮಧ್ಯಮಕ್ಕಿಂತ ಸ್ವಲ್ಪ ಕಮ್ಮಿ ಉರಿಯಲ್ಲಿ 40ರಿಂದ 45 ನಿಮಿಷ. ಉಳಿದ ಹಿಟ್ಟಲ್ಲಿ ಬಿಸ್ಕತ್ತು ಮಾಡ್ಕೊಳ್ಳಿ.

ರಾಗಿ ಇರೋದರಿಂದ ಬಣ್ಣ ನೋಡಿ ಬೆಂದಿದೆಯಾ ಅಂತ ಹೇಳೋದು ಕಷ್ಟ. ಅಂಚು ತಟ್ಟೆಯಿಂದ ಸ್ವಲ್ಪ ಬಿಟ್ಟಿರಬೇಕು, ಮುಟ್ಟಿದ್ರೆ ಗಟ್ಟಿ ಇರಬೇಕು, ಹುರಿದ ರಾಗಿ ವಾಸನೆ ಬರಬೇಕು. ಹೊರಗೆ ತೆಗೆದ ಮೇಲೆ ಕನಿಷ್ಠ ಇಪ್ಪತ್ತು ನಿಮಿಷ ಕತ್ತರಿಸಬೇಡಿ. ಬಿಸಿ ಇದ್ದಾಗ ಉದುರುತ್ತೆ, ಆರಿದ ಮೇಲೆ ಹಿಡಿದು ನಿಲ್ಲುತ್ತೆ.

ಒಳಗೆ ಏನು? ಖಾರಕ್ಕೆ ನನ್ನ ಓಟು ಆಲೂಗಡ್ಡೆಗೆ. ಹಾಸನದ ಆಲೂಗಡ್ಡೆ ಬಗ್ಗೆ ನಿಮಗೆ ಹೇಳಬೇಕಾ? ಅರಕಲಗೂಡು ಕಡೆಯಿಂದ ಮಾವ ತಂದುಕೊಟ್ಟ ಅರ್ಧ ಕೆಜಿ ಆಲೂಗಡ್ಡೆ ಬೇಯಿಸಿ ಒರಟಾಗಿ ಪುಡಿ ಮಾಡ್ತೀನಿ. ಚಳಿಗಾಲ ಆದ್ರೆ ಹಿತಕಿದ ಅವರೆ ಒಂದು ಕಪ್, ಬೇರೆ ಕಾಲದಲ್ಲಿ ಬಟಾಣಿ. ಸಾಸಿವೆ, ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಕೊನೆಗೆ ನಿಂಬೆಹಣ್ಣು. ಸಿಹಿಗೆ ಚನ್ನರಾಯಪಟ್ಟಣದ ನಮ್ಮ ತೋಟದ ಕಾಯಿ, ಬೆಲ್ಲ, ಏಲಕ್ಕಿ, ಒಂದು ಚಮಚ ಹುರಿದ ಎಳ್ಳಿನ ಪುಡಿ. ಯಾವುದೇ ಆಗಲಿ ಹೂರಣ ಒಣಗಿರಬೇಕು, ಪೂರ್ತಿ ಆರಿರಬೇಕು. ನೀರು ಬಿಡೋ ಹೂರಣ ಹಾಕಿದ್ರೆ ಕೆಳಗಿನ ಕವಚ ಮೆತ್ತಗಾಗುತ್ತೆ.

ನಾನು ಇಂಗು ಹೇಳಲಿಲ್ಲ, ಗಮನಿಸಿದ್ರಾ? ಮರೆತದ್ದಲ್ಲ. ಇವತ್ತಿನ ಅತಿ ಮುಖ್ಯ ಮಾತು ಈಗ ಬರ್ತಿದೆ.

ಒಂದು ಚಮಚ ಗೋಧಿ ಹಿಟ್ಟಿನ ಲೆಕ್ಕ

ಅಕ್ಕನ ಮಗಳು ಪಥ್ಯ ಶುರು ಮಾಡಿ ಆರು ತಿಂಗಳಾದ್ರೂ ರಕ್ತ ಪರೀಕ್ಷೆಯ ಅಂಕಿ ಇಳಿಯಬೇಕಾದಷ್ಟು ಇಳಿಯಲಿಲ್ಲ. ಮನೆಯಲ್ಲಿ ಗೋಧಿ ಒಂದು ಕಾಳೂ ಕೊಡ್ತಿಲ್ಲ. ವೈದ್ಯರು ಕೇಳಿದ ಪ್ರಶ್ನೆ ಒಂದೇ: ‘ರಾಗಿ ಎಲ್ಲಿ ಬೀಸಿಸ್ತೀರಿ?’

ಹೊಳೆನರಸೀಪುರ ಆಗಲಿ, ಬೇರೆ ಯಾವ ಊರಾಗಲಿ, ಹಿಟ್ಟಿನ ಮಿಲ್ಲಲ್ಲಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ನಮ್ಮ ಮುಂದಿನವರು ಗೋಧಿ ಬೀಸಿಸಿರ್ತಾರೆ, ಅದೇ ಮಿಷನ್ನಿಗೆ ನಮ್ಮ ರಾಗಿ ಸುರೀತಾರೆ. ಕಲ್ಲಿನ ಸಂದಿಯಲ್ಲಿ, ಬಟ್ಟೆ ಚೀಲದಲ್ಲಿ ಗೋಧಿ ಹಿಟ್ಟು ಉಳಿದಿರುತ್ತೆ. ಮಿಲ್ಲಿನವರದ್ದು ತಪ್ಪು ಅಂತ ಹೇಳೋಕಾಗಲ್ಲ, ಮಿಲ್ಲು ನಡೆಯೋದೇ ಹಾಗೆ. ಸಾಮಾನ್ಯ ಮನೆಗೆ ಅದರಿಂದ ಏನೂ ಆಗಲ್ಲ. ಸೀಲಿಯಾಕ್ ಇರೋರಿಗೆ ಆಗುತ್ತೆ.

ಎಷ್ಟು ಆಗುತ್ತೆ? ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ‘ಗ್ಲುಟೆನ್ ಮುಕ್ತ’ ಅಂತ ಹಾಕಬೇಕಾದ್ರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಈಗ ಲೆಕ್ಕ ಹಾಕಿ. ಒಂದು ಟೀ ಚಮಚ ಗೋಧಿ ಹಿಟ್ಟು ಸುಮಾರು 3 ಗ್ರಾಂ. ಅದರಲ್ಲಿ ಗ್ಲುಟೆನ್ ನೂರಕ್ಕೆ ಎಂಟು ಒಂಬತ್ತು ಪಾಲು ಅಂದ್ರೂ 250 ಮಿಲಿಗ್ರಾಂ ಆಸುಪಾಸು. ಆ ಒಂದು ಚಮಚ 10 ಕೆಜಿ ರಾಗಿ ಹಿಟ್ಟಿಗೆ ಬಿದ್ರೆ ಕೆಜಿಗೆ 25 ಮಿಲಿಗ್ರಾಂ ಆಯ್ತು. ಮಿತಿ ದಾಟಿತು. ಹತ್ತು ಕೆಜಿಗೆ ಒಂದು ಚಮಚ!

ಹಾಗಾಗಿ ಅಕ್ಕ ಈಗ ಅಕ್ಕಿ ಹಿಟ್ಟನ್ನು ಮನೆಯಲ್ಲೇ ಮಾಡ್ತಾಳೆ. ಅಕ್ಕಿ ಎರಡು ಮೂರು ಗಂಟೆ ನೆನೆಸಿ, ನೀರು ಸೋಸಿ, ಬಟ್ಟೆ ಮೇಲೆ ನೆರಳಲ್ಲಿ ಚೆನ್ನಾಗಿ ಆರಿಸಿ, ಮಿಕ್ಸಿಗೆ ಹಾಕಿ ಜರಡಿ ಹಿಡಿಯೋದು. ಜರಡಿ ಹೊಸದು, ಯಾಕಂದ್ರೆ ಗೋಧಿ ಹಿಟ್ಟು ಜರಡಿಯ ಕಣ್ಣಲ್ಲಿ ಕೂತಿರುತ್ತೆ. ಮರದ ಲಟ್ಟಣಿಗೆ, ಮಣೆ ಬೇರೆ. ರಾಗಿಯನ್ನು ಕಾಳಾಗೇ ತಂದು, ಆರಿಸಿ, ತೊಳೆದು ಒಣಗಿಸಿ, ಮನೆಯಲ್ಲೇ ಬೀಸೋಕೆ ಅಂತ ಒಂದು ಸಣ್ಣ ಮಿಷನ್ ತಗೊಂಡಿದ್ದಾಳೆ. ಅದಾಗದವರು ‘ಗ್ಲುಟೆನ್ ಮುಕ್ತ’ ಅಂತ ಬರೆದಿರೋ ಪ್ಯಾಕೆಟ್ ಹಿಟ್ಟು ತರಬಹುದು. ಕಾರ್ನ್‌ಫ್ಲೋರಿಗೂ ಅದೇ ಮಾತು.

ಇನ್ನು ಇಂಗು. ಅಂಗಡಿಯಲ್ಲಿ ಸಿಗೋ ಪುಡಿ ಇಂಗು ಬರೀ ಇಂಗಲ್ಲ. ಇಂಗಿನ ಅಂಟನ್ನು ಹಿಟ್ಟಿನ ಜೊತೆ ಬೆರೆಸಿ ಮಾಡಿರ್ತಾರೆ, ಎಷ್ಟೋ ಸಲ ಅದು ಗೋಧಿ ಹಿಟ್ಟು ಅಥವಾ ಮೈದಾ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ನೋಡಿ. ಅಂಗಡಿಯ ಸಾರಿನ ಪುಡಿ, ಸಾಂಬಾರ್ ಪುಡಿಯಲ್ಲೂ ಆ ಇಂಗೇ ಇರಬಹುದು.

ರವೆ ಗೋಧಿಯದ್ದು ಅನ್ನೋದು ಎಷ್ಟೋ ಜನಕ್ಕೆ ಹೊಳೆಯಲ್ಲ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ಚಿರೋಟಿ ಎಲ್ಲ ಗೋಧಿ. ಮಾಲ್ಟ್ ಅನ್ನೋ ಪದದಲ್ಲೂ ಗೊಂದಲ ಇದೆ. ಮನೆಯಲ್ಲಿ ಮೊಳಕೆ ರಾಗಿಯಿಂದ ಮಾಡೋ ರಾಗಿ ಮಾಲ್ಟ್ ಪರವಾಗಿಲ್ಲ. ಪ್ಯಾಕೆಟ್ ಮೇಲೆ ಬರೀ ಮಾಲ್ಟ್ ಅಂತಿದ್ರೆ ಅದು ಸಾಮಾನ್ಯವಾಗಿ ಬಾರ್ಲಿ.

‘ಒಂದು ಚೂರು ತಿಂದ್ರೆ ಏನಾಗುತ್ತೆ?’

ಅಡುಗೆಮನೆಯ ಗೋಧಿಯನ್ನು ಹುಡುಕಿ ಹೊರಗೆ ಹಾಕಬಹುದು. ಈ ಒಂದು ವಾಕ್ಯವನ್ನು ಹೊರಗೆ ಹಾಕೋದು ಕಷ್ಟ. ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ, ನೆಂಟರ ಮನೆಯಲ್ಲಿ ಎಲ್ಲ ಕಡೆ ಪ್ರೀತಿಯಿಂದಲೇ ಹೇಳ್ತಾರೆ. ‘ಪಾಪ ಮಗು, ಒಂದು ಚೂರು ತಿಂದ್ರೆ ಏನಾಗುತ್ತೆ?’ ತಿಂದ ತಕ್ಷಣ ಕೆಲವರಿಗೆ ಏನೂ ಆಗಲ್ಲ, ಅದೇ ಅಪಾಯ. ಹೊಟ್ಟೆ ನೋವು ಬರದೇ ಇದ್ರೂ ಕರುಳಿಗೆ ಪೆಟ್ಟು ಬೀಳ್ತಾ ಇರುತ್ತೆ. ಅವಳ ಅಜ್ಜಿಗೆ, ಅಂದ್ರೆ ಅಕ್ಕನ ಅತ್ತೆಗೆ, ಇದನ್ನು ಅರ್ಥ ಮಾಡಿಸೋಕೆ ನಾವು ಬಳಸಿದ್ದು ಮೇಲಿನ ಚಮಚದ ಲೆಕ್ಕವನ್ನೇ. ಈಗ ಯಾರಾದರೂ ಒಂದು ಚೂರು ಅಂದ್ರೆ ಅವರೇ ಅಡ್ಡ ನಿಲ್ತಾರೆ. ‘ಹತ್ತು ಕೆಜಿಗೆ ಒಂದು ಚಮಚ ಕಣ್ರೀ’ ಅಂತಾರೆ.

ಆದರೂ ಇನ್ನೊಂದು ಉಳೀತು. ಎಲ್ಲರಿಗೂ ಅಂಗಡಿ ಕೇಕು, ಇವಳಿಗೆ ಮಾತ್ರ ಬೇರೆ ತಟ್ಟೆಯಲ್ಲಿ ಬೇರೆ ತಿಂಡಿ. ಮಗುವಿಗೆ ಅದು ಸುರಕ್ಷಿತ, ಸರಿ. ಆದರೆ ನಮ್ಮಲ್ಲಿ ಒಂದು ಮಾತಿದೆ, ಪಂಕ್ತಿಭೇದ ಮಾಡಬಾರದು ಅಂತ. ಒಂದೇ ಸಾಲಲ್ಲಿ ಕೂತವರಿಗೆ ಬೇರೆ ಬೇರೆ ಬಡಿಸಬಾರದು. ಇವಳ ವಿಷಯದಲ್ಲಿ ನಾವು ದಿನಾ ಅದನ್ನೇ ಮಾಡ್ತಿದ್ವಿ, ಪಥ್ಯದ ಹೆಸರಲ್ಲಿ.

ಅದಕ್ಕೇ ಒಂಬತ್ತನೇ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ಏನೂ ತರಲಿಲ್ಲ. ನಾಲ್ಕು ಪೈ ಮಾಡಿದ್ವಿ. ಎರಡು ಆಲೂಗಡ್ಡೆ, ಎರಡು ಕಾಯಿಬೆಲ್ಲ. ಬಂದ ಹದಿನಾಲ್ಕು ಮಕ್ಕಳಿಗೂ ಅದೇ. ಯಾರಿಗೂ ಇದು ಗ್ಲುಟೆನ್ ಇಲ್ಲದ್ದು ಅಂತ ಹೇಳಲಿಲ್ಲ. ಒಬ್ಬ ಹುಡುಗ ಮಾತ್ರ ‘ಇದ್ಯಾಕೆ ಕಂದು ಬಣ್ಣ, ಚಾಕೊಲೇಟಾ?’ ಅಂದ. ಹುಟ್ಟುಹಬ್ಬದ ಹುಡುಗಿ ‘ಅಲ್ಲ ಕಣೋ, ರಾಗಿ’ ಅಂದಳು. ಅವನು ಇನ್ನೊಂದು ತುಂಡು ತಗೊಂಡ.

ನಿಮ್ಮ ಮನೆಗೆ, ನಿಮ್ಮ ರೂಮಿಗೆ, ನಿಮ್ಮ ಆಫೀಸಿಗೆ ಸೀಲಿಯಾಕ್ ಇರೋ ಗೆಳೆಯರು ಬರ್ತಾರೆ ಅಂದ್ರೆ ಇದೊಂದು ನೆನಪಿಟ್ಟುಕೊಳ್ಳಿ. ಅವರಿಗೊಂದು ತಟ್ಟೆ ಬೇರೆ ಇಡೋ ಬದಲು, ಎಲ್ಲರಿಗೂ ಅವರು ತಿನ್ನಬಹುದಾದದ್ದನ್ನೇ ಮಾಡಿ. ಮೊದಲು ಅವರನ್ನೇ ಕೇಳಿ, ‘ಯಾವ ಹಿಟ್ಟು ತರಲಿ, ಯಾವ ಪಾತ್ರೆ ಬಳಸಲಿ’ ಅಂತ. ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಹಾಗೇ ಅವರು ‘ಬೇಡ, ನಾನು ಮನೆಯಿಂದ ತಂದಿದ್ದೀನಿ’ ಅಂದ್ರೆ ಬೇಜಾರು ಮಾಡ್ಕೋಬೇಡಿ. ಅದು ನಿಮ್ಮ ಮೇಲಿನ ಅಪನಂಬಿಕೆ ಅಲ್ಲ, ಅವರ ಕರುಳಿನ ಲೆಕ್ಕ.

ಪೈ ಮಾಡಿ ನೋಡಿ. ಮೊದಲ ಸಲ ಅಂಚು ಸ್ವಲ್ಪ ಉದುರಬಹುದು, ಎರಡನೇ ಸಲಕ್ಕೆ ಕೈಗೆ ಹದ ಸಿಗುತ್ತೆ. ಅಕ್ಕಿ ರೊಟ್ಟಿ ತಟ್ಟೋಕೆ ಬರೋರಿಗೆ ಮೊದಲ ಸಲವೇ ಸಿಗುತ್ತೆ ಅಂತ ನನ್ನ ನಂಬಿಕೆ. ಮುಂದಿನ ವಾರ ಇದೇ ಹಿಟ್ಟಲ್ಲಿ ಖಾರ ಬಿಸ್ಕತ್ತು ಹೇಗೆ ಮಾಡೋದು ಅಂತ ಹೇಳ್ತೀನಿ. ಅಲ್ಲೀವರೆಗೂ ಇಂಗಿನ ಡಬ್ಬಿ ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ಓದಿಟ್ಟಿರಿ. ನಮಸ್ಕಾರ.